ದುರ್ಗದ ಸೀಮೆಯ ಬಂದೂಕು, ಎರಡು ಸಾವಿರದ ಸ್ಕೋಪು



ಹೋದ ಸಲ ಈರುಳ್ಳಿ ಕೊಳೆರೋಗದ ಬಗ್ಗೆ ಬರೆದಿದ್ದೆ. ಈ ಸಲ ಬೇರೆ ವಿಚಾರ. ಸ್ವಲ್ಪ ಉದ್ದ ಐತೆ, ಬಿಡುವಾದಾಗ ಓದಿ. ಯಾಕೆ ಬರೀತಿದೀನಿ ಅನ್ನೋದು ಕೊನೆಗೆ ಗೊತ್ತಾಗುತ್ತೆ.

ನಮ್ಮ ಕಡೆ ಈಗ ಮೆಕ್ಕೆಜೋಳ ತೆನೆ ಕಟ್ಟೋ ಹೊತ್ತಿಗೆ ಸರಿಯಾಗಿ ಹಂದಿ ಇಳಿತಾವೆ. ಶೇಂಗಾ ಹೊಲಕ್ಕೆ ಬಿದ್ರೆ ಬೆಳಗಾಗೋದ್ರೊಳಗೆ ಟ್ರ್ಯಾಕ್ಟರ್ ಹೊಡೆದಂಗೆ ಮಾಡಿ ಹೋಗ್ತಾವೆ. ಹೊಳಲ್ಕೆರೆ ಕಡೆಯೋರು ಅಡಿಕೆ ಸಸಿ ಬುಡ ಕಿತ್ತವು ಅಂತಾರೆ, ಹೊಸದುರ್ಗದೋರು ತೆಂಗಿನ ಸಸಿ ಹೋಯ್ತು ಅಂತಾರೆ, ಹಿರಿಯೂರಿನೋರದ್ದು ಶೇಂಗಾ ಗೋಳು. ಈ ಸಿಟ್ಟಲ್ಲಿ ನಮ್ಮ ಹುಡುಗರು ಮೊಬೈಲಲ್ಲಿ ಒಂದು ವಸ್ತು ನೋಡಿಟ್ಕೊಂಡಿದಾರೆ. ಬಂದೂಕಿನ ಮೇಲೆ ಕೂರಿಸೋ ದುರ್ಬೀನು, ಅಂದ್ರೆ ಸ್ಕೋಪು. ಒಂದೂವರೆ ಎರಡು ಸಾವಿರಕ್ಕೆ ಮನೆ ಬಾಗಿಲಿಗೆ ಬರ್ತೈತೆ. "ತಗೊಂಡ್ರೆ ಉಪಯೋಗ ಆಗುತ್ತಾ" ಅಂತ ನನ್ನ ಮೂರು ನಾಲ್ಕು ಜನ ಕೇಳಿದ್ರು. ನಮ್ಮ ಮನೇಲೂ ಒಂದು ಬಂತು. ಅದಕ್ಕೇ ಮೊದಲಿಂದ ಹೇಳ್ತೀನಿ.

ಬೇಟೆ ನಮ್ಮ ಸೀಮೆಗೆ ಹೊಸದಲ್ಲ. ದುರ್ಗ ಆಳಿದ ಪಾಳೇಗಾರರೇ ಬೇಡ ನಾಯಕರು. ಕಲ್ಲು ಗುಡ್ಡ, ಕುರುಚಲು ಕಾಡು, ಬಿಲ್ಲು ಬಾಣ, ಬಲೆ, ನಾಯಿ, ಇದೇ ನಮ್ಮ ಹಳೇ ಬೇಟೆ. ನೂರು ಹೆಜ್ಜೆ ದೂರದಿಂದ ಹೊಡೆಯೋ ಮಾತೇ ಇರಲಿಲ್ಲ. ಹತ್ತಿರ ಹೋಗಬೇಕು, ಗಾಳಿ ನೋಡಬೇಕು, ಕಣ್ಣಾರೆ ಕಂಡ ಮೇಲೇ ಬಿಡಬೇಕು. ಕೋಟೆಗೆ ಮುತ್ತಿಗೆ ಹಾಕಿದ ಹೈದರಾಲಿ ಹತ್ರ ತೋಪು ಬಂದೂಕು ಎಲ್ಲಾ ಇದ್ವು. ಆದರೂ ನಮ್ಮ ಜನ ಇವತ್ತಿಗೂ ನೆನಪಿಟ್ಕೊಂಡಿರೋದು ಓಬವ್ವನ ಒನಕೆನ. ಕೈಯಳತೆ ದೂರದಲ್ಲಿ, ಕಿಂಡಿಯಿಂದ ಬಂದೋನು ಶತ್ರುವೇ ಅಂತ ಖಾತ್ರಿ ಆದ ಮೇಲೆ ಎತ್ತಿದ ಒನಕೆ ಅದು. 1779ರಲ್ಲಿ ದುರ್ಗ ಹೈದರನ ವಶ ಆಯ್ತು, ನಾಯಕರ ಕಾಲ ಮುಗೀತು.

ಆಮೇಲೆ ಬಂದೂಕಿಗೆ ಕಾಗದ ಪತ್ರದ ಕಾಲ ಬಂತು. 1857ರ ದಂಗೆ ನೋಡಿ ಬೆದರಿದ ಬ್ರಿಟಿಷರು ಜನರ ಕೈಯಿಂದ ಆಯುಧ ಕಿತ್ಕೊಂಡ್ರು. 1878ರ ಶಸ್ತ್ರಾಸ್ತ್ರ ಕಾಯ್ದೆಯಿಂದ ಪರವಾನಗಿ ಇಲ್ಲದೆ ಬಂದೂಕು ಇಡೋಹಾಗಿಲ್ಲ ಅಂತಾಯ್ತು. "ಕೊಡಗಿನೋರಿಗೆ ಐತಲ್ಲ, ನಮಗ್ಯಾಕಿಲ್ಲ" ಅಂತ ಸುಮಾರು ಜನ ಕೇಳ್ತಾರೆ. ಅವರಿಗೆ 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಟ್ಟ ವಿನಾಯಿತಿ ಹಂಗೇ ಮುಂದುವರೆದು ಬಂದೈತೆ. ಅದು ಕೊಡಗಿಗೆ ಮಾತ್ರ, ನಮಗೆ ಅನ್ವಯಿಸಲ್ಲ.

ಸ್ವಾತಂತ್ರ್ಯ ಬಂದ ಮೇಲೆ 1959ರಲ್ಲಿ ಹೊಸ ಶಸ್ತ್ರಾಸ್ತ್ರ ಕಾಯ್ದೆ ಬಂತು. ನಮ್ಮಂಥ ರೈತರಿಗೆ ಸಂಬಂಧಪಟ್ಟ ಮಾತು ಅದರ 13ನೇ ಸೆಕ್ಷನ್‌ನಲ್ಲಿ ಐತೆ. ನಿಜವಾದ ಬೆಳೆ ರಕ್ಷಣೆಗೆ ಅಂತ ಬಾಯಿಂದ ಮದ್ದು ತುಂಬೋ ಬಂದೂಕಿಗೆ ಲೈಸೆನ್ಸ್ ಕೊಡಬಹುದು. ನಮ್ಮ ಅಪ್ಪನ ಬಂದೂಕು ಅದೇ ಜಾತಿದು. ಒಂಟಿ ನಳಿಗೆ, ಕೇಪು ಇಟ್ಟು ಹೊಡೆಯೋದು. ಮದ್ದು, ತೆಂಗಿನ ನಾರು, ಚರೆ, ಮತ್ತೆ ನಾರು, ಗಜದಿಂದ ಕುಟ್ಟಿ ತುಂಬೋ ಹೊತ್ತಿಗೆ ಹಂದಿ ಪಕ್ಕದೂರು ಸೇರಿರ್ತಿತ್ತು. ಅಪ್ಪ ವರ್ಷಕ್ಕೆ ಹತ್ತು ಸಲ ಹೊಡೆದಿದ್ರೆ ಒಂಬತ್ತು ಸಲ ಆಕಾಶಕ್ಕೆ. ಸದ್ದಿಗೇ ಹಿಂಡು ಓಡೋದು. ಇವತ್ತಿಗೂ ಚುನಾವಣೆ ಬಂದ್ರೆ ಆ ಬಂದೂಕನ್ನ ಚೀಲದಲ್ಲಿ ಸುತ್ತಿ ಠಾಣೆಗೆ ಕೊಟ್ಟು ಬರ್ತೀನಿ, ಮುಗಿದ ಮೇಲೆ ರಸೀದಿ ತೋರಿಸಿ ತರ್ತೀನಿ.

ಇಲ್ಲಿ ಒಂದು ವಿಷಯ ಗಮನಿಸಿ. ಈ ಬಂದೂಕಿನ ನಳಿಗೆ ಒಳಗೆ ನುಣುಪು. ರೈಫಲ್ ಅಂದ್ರೆ ಬೇರೆ. ಅದರ ನಳಿಗೆ ಒಳಗೆ ಸ್ಕ್ರೂ ಥರ ಸುತ್ತುಗೆರೆ ಇರ್ತಾವೆ, ಗುಂಡು ಬುಗುರಿ ಹಂಗೆ ತಿರುಗ್ತಾ ನೆಟ್ಟಗೆ ಹೋಗುತ್ತೆ. ನುಣುಪು ನಳಿಗೆಯಿಂದ ಹೋದ ಚರೆ ದೂರ ಹೋದಂಗೆ ಹರಡಿಕೊಳ್ಳುತ್ತೆ. ಮೂವತ್ತು ನಲವತ್ತು ಗಜ ದಾಟಿದ್ರೆ ಅದಕ್ಕೆ ದೇವರೇ ದಿಕ್ಕು. ಸ್ಕೋಪು ಹುಟ್ಟಿದ್ದೇ ರೈಫಲಿಗೆ. ಅಮೆರಿಕದಲ್ಲಿ 1861ರಿಂದ 1865ರವರೆಗೆ ನಡೆದ ಅಂತರ್ಯುದ್ಧದಲ್ಲಿ ನಳಿಗೆಯಷ್ಟೇ ಉದ್ದದ ಕೊಳವೆ ದುರ್ಬೀನು ಕಟ್ಟಿ ಹೊಡೆದಿದ್ರು. ನಮಗೆ ಸ್ವಾತಂತ್ರ್ಯ ಬಂದ 1947ರಲ್ಲೇ ಅಲ್ಲಿನ ಲ್ಯೂಪೋಲ್ಡ್ ಕಂಪನಿಯೋರು ಒಳಗೆ ನೈಟ್ರೋಜನ್ ಗಾಳಿ ತುಂಬಿ, ಗಾಜಿಗೆ ಮಂಜು ಹಿಡಿಯದಂಥ ಸ್ಕೋಪು ತಂದ್ರು. ಅಂದ್ರೆ ಒಳ್ಳೇ ಸ್ಕೋಪಿನ ಹಿಂದೆ ನೂರು ವರ್ಷದ ಕೆಲಸ ಐತೆ. ಎರಡು ಸಾವಿರಕ್ಕೆ ಬರೋದು ಅದರ ಆಕಾರ ಅಷ್ಟೇ.

ಈಗ ನಮ್ಮೂರ ಕಡೆ ನಿಜವಾದ ಬೇಟೆಗಾರ ಬಂದ ಕಥೆ. ಬೆಂಗಳೂರಿನ ಕೆನೆತ್ ಆಂಡರ್ಸನ್ ಹೆಸರು ನಿಮಗೆ ಗೊತ್ತಿರುತ್ತೆ. ಪೂರ್ಣಚಂದ್ರ ತೇಜಸ್ವಿಯವರು ಆತನ ಕಥೆಗಳನ್ನ 'ಕಾಡಿನ ಕಥೆಗಳು' ಅಂತ ಕನ್ನಡಕ್ಕೆ ತಂದ್ರು. 'ಜಾಲಹಳ್ಳಿಯ ಕುರ್ಕ' ನಮ್ಮ ಕಾಲದ ಹುಡುಗರು ಓದಿದ ಪುಸ್ತಕ. ಆಂಡರ್ಸನ್ ಇಂಗ್ಲಿಷಿನಲ್ಲಿ 1954ರಲ್ಲಿ ತಂದ ಮೊದಲನೇ ಪುಸ್ತಕದಲ್ಲಿ ಒಂದು ಅಧ್ಯಾಯದ ಹೆಸರೇ 'ಹೊಸದುರ್ಗ-ಹೊಳಲ್ಕೆರೆಯ ನರಭಕ್ಷಕ'. ನಮ್ಮ ಎರಡು ತಾಲ್ಲೂಕಿನ ಹೆಸರು ಹೊತ್ತ ಹುಲಿ! ಈಗ ತೆಂಗು ಅಡಿಕೆ ಇರೋ ಸೀಮೇಲಿ ಆಗ ಮನುಷ್ಯನ್ನ ತಿನ್ನೋ ಹುಲಿ ಓಡಾಡ್ತಿತ್ತು ಅಂದ್ರೆ ಇವತ್ತಿನ ಮಕ್ಕಳು ನಂಬಲ್ಲ.

ಆ ಮನುಷ್ಯನ ಕೈಲಿದ್ದಿದ್ದು ಪಾಯಿಂಟ್ 405 ವಿಂಚೆಸ್ಟರ್ ರೈಫಲ್, 1895ರ ಮಾದರಿ. ಸ್ಕೋಪು ನಂಬಿ ಬೇಟೆ ಆಡಿದೋನಲ್ಲ. ನಳಿಗೆ ಮೇಲಿನ ಮಣಿಯಲ್ಲೇ ಗುರಿ. ರಾತ್ರಿಗೆ ಬಂದೂಕಿಗೆ ಟಾರ್ಚು ಕಟ್ಕೊಂಡು ಮರದ ಮೇಲೋ ಬಂಡೆ ಸಂದಿಲೋ ಕೂರೋನು. ಹತ್ತಿರ ಬರೋವರೆಗೂ ಕಾಯೋದು, ಟಾರ್ಚು ಹಾಕಿ ಪ್ರಾಣಿ ಯಾವುದು ಅಂತ ನೋಡೋದು, ಆಮೇಲೆ ಕುದುರೆ ಎಳೆಯೋದು. ನಾನು ಹೇಳಬೇಕಾದ್ದು ಇಷ್ಟೇ: ರಾತ್ರಿ ಬೇಟೆಗೆ ಬೇಕಾಗಿದ್ದು ದೊಡ್ಡದಾಗಿ ಕಾಣೋದಲ್ಲ, ಏನು ಅಂತ ಗುರುತು ಸಿಗೋದು.

ಆ ಕಾಲ ಮುಗೀತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಮೊದಲು ಕೆಲವು ಪ್ರಾಣಿಗಳ ಬೇಟೆಗೆ ಲೈಸೆನ್ಸ್ ಕೊಡೋ ಪದ್ಧತಿ ಇತ್ತು, 1991ರ ತಿದ್ದುಪಡಿಯಲ್ಲಿ ಅದನ್ನೂ ತೆಗೆದ್ರು. ಈಗ ನಮ್ಮ ದೇಶದಲ್ಲಿ ಶೋಕಿಗೆ ಬೇಟೆ ಅನ್ನೋದು ಇಲ್ಲ. ಕಾಡುಹಂದಿ ಮೊದಲು 3ನೇ ಪಟ್ಟಿಯಲ್ಲಿತ್ತು, 2022ರ ತಿದ್ದುಪಡಿ ಆದ ಮೇಲೆ 2ನೇ ಪಟ್ಟಿಗೆ ಬಂದೈತೆ. ಬೆಳೆ ಹಾಳು ಮಾಡಿದ್ರೆ 11ನೇ ಸೆಕ್ಷನ್ ಪ್ರಕಾರ ಮುಖ್ಯ ವನ್ಯಜೀವಿ ವಾರ್ಡನ್ ಅಥವಾ ಅವರು ಅಧಿಕಾರ ಕೊಟ್ಟ ಅಧಿಕಾರಿ ಲಿಖಿತ ಅನುಮತಿ ಕೊಡಬಹುದು. ಬಿಹಾರ, ಉತ್ತರಾಖಂಡದಲ್ಲಿ ಕೇಂದ್ರ ಸರ್ಕಾರ ಕೆಲವು ಜಿಲ್ಲೆಗೆ, ಸ್ವಲ್ಪ ಕಾಲಕ್ಕೆ ಹಂದಿಯನ್ನ ಉಪದ್ರವಿ ಅಂತ ಘೋಷಿಸಿದ್ದುಂಟು. ಕೇರಳದಲ್ಲಿ 2022ರಿಂದ ಪಂಚಾಯ್ತಿ ಅಧ್ಯಕ್ಷರಿಗೇ ಆ ಅಧಿಕಾರ ಕೊಟ್ಟಿದಾರೆ. ಅಲ್ಲಿ ಆಯ್ತು ಅಂತ ಇಲ್ಲಿ ನಾವೇ ಹೊಡೆದ್ರೆ ಕೇಸು ಗ್ಯಾರಂಟಿ. ಬಂದೂಕಿನ ಲೈಸೆನ್ಸ್ ಬೇರೆ, ಹಂದಿ ಹೊಡೆಯೋ ಅನುಮತಿ ಬೇರೆ. ಸುಮಾರು ಜನ ಇವೆರಡನ್ನ ಒಂದೇ ಅಂದ್ಕೊಂಡಿದಾರೆ.

ಈಗ ನಮ್ಮ ಮನೆ ವಿಚಾರ.

ನಮ್ಮ ತಮ್ಮನ ಮಗ ಒಂದು ಏರ್ ಗನ್ ಇಟ್ಟಿದಾನೆ. ಪಾಯಿಂಟ್ 177, 20 ಜೂಲ್ ಶಕ್ತಿ ಒಳಗಿಂದು, ಅದಕ್ಕೆ ಲೈಸೆನ್ಸ್ ಬೇಡ. ಅದಕ್ಕೆ ಸ್ಕೋಪು ತರಿಸಿದ. ಪೆಟ್ಟಿಗೆ ಮೇಲೆ 3-9x40 ಅಂತಿತ್ತು. ಮೂರರಿಂದ ಒಂಬತ್ತು ಪಟ್ಟು ದೊಡ್ಡದು ತೋರಿಸುತ್ತೆ, ಮುಂದಿನ ಗಾಜು 40 ಮಿಲಿಮೀಟರ್ ಅಂತ ಅರ್ಥ. ಇದು ಚೆನ್ನಾಗಿ ನಡೆದ್ರೆ ಅಜ್ಜನ ಬಂದೂಕಿಗೂ ಕೂರಿಸೋದು ಅಂತ ಅವನ ಲೆಕ್ಕ. ನಾನೂ ಬೇಡ ಅನ್ನಲಿಲ್ಲ. ಕುತೂಹಲ ನನಗೂ ಇತ್ತು, ಸುಳ್ಳು ಯಾಕೆ ಹೇಳಲಿ.

ರಾಗಿ ಕೊಯ್ದ ಹೊಲದಲ್ಲಿ, ಬದುವಿಗೆ ಮಣ್ಣು ತುಂಬಿದ ಚೀಲ ಒರಗಿಸಿ ಬಿಳಿ ಹಾಳೆ ಅಂಟಿಸಿದ್ವಿ. ಇಪ್ಪತ್ತೈದು ಹೆಜ್ಜೆ. ಮೊದಲು ಐದು ಗುಂಡು ನಿಂಬೆಹಣ್ಣಿನಗಲದಲ್ಲಿ ಬಿದ್ವು. ಹುಡುಗ ಕುಣಿದಾಡಿಬಿಟ್ಟ. ನಲವತ್ತು ಗುಂಡು ಆಗೋ ಹೊತ್ತಿಗೆ ಏಟು ಒಂದು ಗೇಣು ಪಕ್ಕಕ್ಕೆ ಹೋಗೈತೆ! ನೋಡಿದ್ರೆ ಸ್ಕೋಪು ಹಿಡಿದಿರೋ ಕ್ಲಾಂಪು ಸಡಿಲ. ಬಿಗಿ ಮಾಡಿದ್ವಿ, ಮಾರನೇ ದಿನ ಮತ್ತೆ ಅದೇ ಕಥೆ. ಸ್ಪ್ರಿಂಗ್ ಏರ್ ಗನ್ ಹಿಂದಕ್ಕೂ ಒದೆಯುತ್ತೆ, ಮುಂದಕ್ಕೂ ಒದೆಯುತ್ತೆ. ಎರಡೂ ಕಡೆ ಜಗ್ಗಿ ಜಗ್ಗಿ ಅಗ್ಗದ ಸ್ಕೋಪಿನ ಒಳಗಿನ ಗಾಜು, ಗೆರೆ ಎಲ್ಲಾ ಅಲ್ಲಾಡಿ ಹೋಗ್ತಾವೆ. ಇನ್ನೊಂದು, ಇಂಥ ಸ್ಕೋಪು ಸಾಮಾನ್ಯವಾಗಿ ನೂರು ಗಜಕ್ಕೆ ಹೊಂದಿಸಿರೋದು. ಇಪ್ಪತ್ತೈದು ಹೆಜ್ಜೆಗೆ ನೋಡಿದ್ರೆ ಕಣ್ಣು ಚೂರು ಆಚೀಚೆ ಆದ್ರೂ ಗುರಿಯ ಗೆರೆ ಜರುಗಿದಂಗೆ ಕಾಣುತ್ತೆ.

ಮುಂಜಾನೆ ಇಬ್ಬನಿಯಲ್ಲಿ ನೋಡಿದ್ವಿ, ಗಾಜಿನ ಒಳಗಡೆಯೇ ಮಂಜು. ಹೊರಗಾದ್ರೆ ಟವಲಲ್ಲಿ ಒರೆಸಬಹುದು, ಒಳಗೆ ಏನು ಮಾಡ್ತೀರಿ?

ರಾತ್ರಿ ಕಥೆ ಇನ್ನೂ ಬೇರೆ. ಮುಂದಿನ ಗಾಜಿನ ಅಳತೆಯನ್ನ ಪಟ್ಟಿನಿಂದ ಭಾಗಿಸಿ ನೋಡಿ. 40 ಭಾಗಿಸು 9 ಅಂದ್ರೆ ನಾಲ್ಕೂವರೆ ಮಿಲಿಮೀಟರ್ ಹತ್ರ. ಕಣ್ಣಿಗೆ ಬರೋ ಬೆಳಕಿನ ಬಿಲ್ಲೆ ಅಷ್ಟೇ ಅಗಲ. ಕತ್ತಲಲ್ಲಿ ವಯಸ್ಸಿನ ಹುಡುಗರ ಪಾಪೆ ಏಳು ಮಿಲಿಮೀಟರ್‌ವರೆಗೂ ಅರಳುತ್ತೆ. ಹಂಗಾಗಿ ಪಟ್ಟು ಹೆಚ್ಚಿಸಿದಷ್ಟೂ ಕತ್ತಲೆಯೂ ಹೆಚ್ಚುತ್ತೆ. ಅಗ್ಗದ ಗಾಜು ಆ ಬೆಳಕಲ್ಲೂ ಸ್ವಲ್ಪ ನುಂಗುತ್ತೆ. ಬರಿಗಣ್ಣಿಗೆ ಬದು ಕಾಣೋ ಹೊತ್ತಲ್ಲಿ ಸ್ಕೋಪಿನೊಳಗೆ ಬರೀ ಮಸಿ.

ಆದರೂ ಹುಡುಗ ಬಿಡಲಿಲ್ಲ. ಒಂದು ರಾತ್ರಿ ಅಟ್ಟಣೆ ಮೇಲೆ ನಾವಿಬ್ಬರೇ ಇದ್ವಿ. ಮೆಕ್ಕೆಜೋಳದ ಸಾಲಿನಾಚೆ ಸರಸರ ಸದ್ದು. ಅವನು ಸ್ಕೋಪಿಗೆ ಕಣ್ಣಿಟ್ಟು, "ದೊಡ್ಡಪ್ಪ, ಒಂಟಿ ಹಂದಿ, ದೊಡ್ಡದೈತೆ, ತಲೆ ಬಗ್ಸಿ ಮೇಯ್ತಾ ಐತೆ" ಅಂತ ಪಿಸುಗುಟ್ಟಿದ. ಬೆರಳು ಕುದುರೆ ಮೇಲೆ. ನಾನು ಯಾಕೋ ಏನೋ, "ತಡಿಯಪ್ಪಾ" ಅಂತ ಟಾರ್ಚು ಹಾಕಿದೆ.

ಪಕ್ಕದ ಹೊಲದೋರು. ಕರಿ ಕಂಬಳಿ ಹೊದ್ಕೊಂಡು, ಬಗ್ಗಿ ಗೇಟ್‌ವಾಲ್ ತಿರುಗಿಸ್ತಾ ಇದ್ರು. ರಾತ್ರಿ ಪಾಳಿ ತ್ರೀ ಫೇಸ್ ಕರೆಂಟು ಆಗ್ತಾನೆ ಬಂದಿತ್ತು. ಬೆಳಕು ಬಿದ್ದಿದ್ದಕ್ಕೆ ತಲೆ ಎತ್ತಿ, "ಯಾಕ್ರೀ ಅಣ್ಣಾರೇ, ಇನ್ನೂ ಮಲಗಿಲ್ವಾ" ಅಂದ್ರು. ನನಗೆ ಮಾತೇ ಹೊರಡಲಿಲ್ಲ. ಹುಡುಗನ ಕೈ ನಡುಗ್ತಿತ್ತು.

ಏರ್ ಗನ್ ಗುಂಡು ಜೀವ ತೆಗೀತಿರಲಿಲ್ಲ ಅಂತ ಯಾರಾದ್ರೂ ಅನ್ನಬಹುದು. ಕಣ್ಣಿಗೆ ಬಿದ್ದಿದ್ರೆ? ಇನ್ನೊಂದು ತಿಂಗಳು ಬಿಟ್ಟು ಅಪ್ಪನ ಬಂದೂಕಿಗೆ ಅದನ್ನ ಕೂರಿಸಿದ್ದಿದ್ರೆ? ಹದಿನೈದು ವರ್ಷದಿಂದ ಒಂದೇ ಬದು, ಒಂದೇ ಕೊಳವೆ ನೀರು ಹಂಚ್ಕೊಂಡು ಬಂದಿರೋ ಮನೆಯೋರು ಅವರು. ಅವತ್ತು ರಾತ್ರಿ ನಾನು ನಿದ್ದೆ ಮಾಡಲಿಲ್ಲ. ಮಾರನೇ ದಿನ ಅವರ ಮನೆಗೆ ಹೋಗಿ ಇದ್ದದ್ದು ಇದ್ದಂಗೆ ಹೇಳಿ ಕ್ಷಮೆ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಳಗೆ ಬನ್ನಿ, ಟೀ ಕುಡೀರಿ" ಅಂದ್ರು. ಅದಕ್ಕಿಂತ ದೊಡ್ಡ ಶಿಕ್ಷೆ ಬೇಕಾ?

ಇನ್ನು ಕೇಳಿದ್ದಕ್ಕೆ ಉತ್ತರ.

ಬೆಳೆ ರಕ್ಷಣೆ ಬಂದೂಕಿಗೆ ಸ್ಕೋಪು ದಂಡ. ನುಣುಪು ನಳಿಗೆಗೆ ಗಾಜು ಕಟ್ಟಿದ್ರೆ ಚರೆ ನೆಟ್ಟಗೆ ಹೋಗಲ್ಲ.

ಏರ್ ಗನ್ನಿಂದ ಹಂದಿ ಸಾಯಲ್ಲ. ಆಂಡರ್ಸನ್ ರೈಫಲಿನ ಗುಂಡಿಗೆ ನಾಲ್ಕು ಸಾವಿರ ಜೂಲ್ ಮೇಲೆ ಶಕ್ತಿ, ಇದಕ್ಕೆ ಇಪ್ಪತ್ತರ ಒಳಗೆ. ಗಾಯ ಆದ ಹಂದಿ ಬೆಳಿಗ್ಗೆ ಹುಲ್ಲು ಕೊಯ್ಯಕ್ಕೆ ಬಂದ ಹೆಂಗಸರ ಮೇಲೆ ಬೀಳುತ್ತೆ. ಅದೂ ಅಲ್ಲದೆ, ಅನುಮತಿ ಇಲ್ಲದೆ ಯಾವುದರಿಂದ ಹೊಡೆದ್ರೂ ಅಪರಾಧವೇ.

ಗುರಿ ಹೊಡೆಯೋ ಆಟಕ್ಕೆ, ಹಾಳೆ ಮೇಲೆ ಹೊಡೆಯಕ್ಕೆ ಮಾತ್ರ ಬೇಕು ಅನ್ನೋರು ಸ್ಪ್ರಿಂಗ್ ಏರ್ ಗನ್ನಿಗೆ ಅಂತಲೇ ಮಾಡಿರೋ, ಹತ್ತಿರಕ್ಕೆ ಹೊಂದಿಸಬಹುದಾದ ಸ್ಕೋಪು ತಗೊಳ್ಳಿ. ಬೆಲೆ ಜಾಸ್ತಿ. ಆದ್ರೆ ಅಗ್ಗದ್ದು ಎರಡು ಸಲ ಕೊಳ್ಳೋದಕ್ಕಿಂತ ಅದೇ ವಾಸಿ.

ಅದೇ ಎರಡು ಸಾವಿರಕ್ಕೆ ನಾವು ಆಮೇಲೆ ಮಾಡಿದ್ದು ಇದು: ಒಂದು ಒಳ್ಳೇ ಟಾರ್ಚು, ತಲೆಗೆ ಕಟ್ಟೋ ಒಂದು ಲೈಟು, ಉಳಿದ ದುಡ್ಡಲ್ಲಿ ಗೂಟ ಹುರಿ. ಮನೆ ಮನೆಯಿಂದ ಹಳೇ ಸೀರೆ ತಂದು ಬದು ಸುತ್ತ ಕಟ್ಟಿದ್ವಿ. ಸುತ್ತಮುತ್ತಲ ಏಳು ಹೊಲದೋರು ಒಂದು ವಾಟ್ಸಾಪ್ ಗ್ರೂಪ್ ಮಾಡ್ಕೊಂಡಿದೀವಿ. ರಾತ್ರಿ ನೀರು ಕಟ್ಟಕ್ಕೆ ಹೋಗೋರು "ಹೊಲದಲ್ಲಿದೀನಿ" ಅಂತ ಹಾಕ್ತಾರೆ, ಪಾಳಿ ಮೇಲೆ ಕಾಯ್ತೀವಿ, ತಮಟೆ ಬಡೀತೀವಿ. ಹಂದಿ ಪೂರ್ತಿ ನಿಂತಿಲ್ಲ, ಕಮ್ಮಿ ಆಗೈತೆ. ಹಾಳಾದ ಬೆಳೆಗೆ ಫೋಟೋ, ಪಹಣಿ ಇಟ್ಟು ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಹಾಕಿ. ಕೊಡೋದು ಕಮ್ಮಿ ಅಂತ ಅರ್ಜಿಯನ್ನೇ ಹಾಕದೆ ಇದ್ರೆ ನಮ್ಮ ನಷ್ಟ ಯಾವ ಲೆಕ್ಕದಲ್ಲೂ ಇರಲ್ಲ. ಬೇಲಿಗೆ ನೇರ ಕರೆಂಟು ಕೊಡೋದು, ಸಿಡಿಮದ್ದು ಉಂಡೆ ಇಡೋದು ಮಾತ್ರ ಯಾರೂ ಮಾಡಬೇಡಿ. ಮೊದಲು ಸಾಯೋದು ನಮ್ಮ ದನ, ಇಲ್ಲಾ ನಮ್ಮ ಜನ.

ಆ ಸ್ಕೋಪು ಈಗ ನಮ್ಮನೆ ಮೊಳೆಗೆ ನೇತಾಡ್ತಾ ಐತೆ. ಹಗಲು ಹೊತ್ತಲ್ಲಿ ಮಕ್ಕಳು ಅದರಲ್ಲಿ ಗುಡ್ಡದ ಮೇಲಿನ ನವಿಲು ನೋಡ್ತಾರೆ. ಆ ಕೆಲಸಕ್ಕೆ ಚೆನ್ನಾಗೈತೆ.

ನಿಮ್ಮ ಹೊಲದ ಕಡೆ ಹಂದಿಗೆ ಏನು ಮಾಡಿದೀರಿ, ಯಾವುದು ನಡೀತು, ಯಾವುದು ನಡೀಲಿಲ್ಲ, ಕೆಳಗೆ ಬರೀರಿ. ರಾತ್ರಿ ಹೊಲಕ್ಕೆ ಹೋಗೋರು ಕರಿ ಕಂಬಳಿ ಬಿಟ್ಟು ಬಿಳಿ ಟವಲ್ ತಲೆಗೆ ಸುತ್ಕೊಳ್ಳಿ. ಇಷ್ಟಾದ್ರೂ ಮಾಡಿ.