ಕಾರವಾರದಿಂದ ಬಂದ ವಿಲಿಯಂ

ಕನ್ನಡ ನೆಲದಿಂದ ಮುಂಬೈಗೆ ಬಂದು ಹೆಸರು ಮಾಡಿದವರ ಪಟ್ಟಿಯಲ್ಲಿ ವಿಲಿಯಂನನ್ನು ಯಾರೂ ಸೇರಿಸುವುದಿಲ್ಲ. ಆತ ಒಂದು ದೊಡ್ಡ ಮಂಗಟ್ಟೆ ಹಕ್ಕಿ, ಅಂದರೆ ಗ್ರೇಟ್ ಹಾರ್ನ್‌ಬಿಲ್.

ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಹುಟ್ಟಿದ್ದು 1883ರಲ್ಲಿ. ವಿಲಿಯಂ ಹುಟ್ಟಿದ್ದು 1894ರ ಮೇ ತಿಂಗಳಲ್ಲಿ. ಮೂರು ತಿಂಗಳ ಮರಿಯನ್ನು ಕಾರವಾರದ ಎಚ್. ಇಂಗಲ್ ಎಂಬವರು ಸೊಸೈಟಿಗೆ ಕೊಟ್ಟರು. ಆಗ ಕಾರವಾರ ಬಾಂಬೆ ಪ್ರೆಸಿಡೆನ್ಸಿಗೆ ಸೇರಿತ್ತು. ಸೊಸೈಟಿಯ ಕಾರ್ಯದರ್ಶಿ ಫಿಪ್ಸನ್ ಮದ್ಯದ ವ್ಯಾಪಾರಿ. ಅಪೊಲೊ ಸ್ಟ್ರೀಟಿನ ಅವರ ಕಂಪನಿಯ ಆಫೀಸಿನಲ್ಲೇ ಹಕ್ಕಿಯ ಪಂಜರ. ಮುಂದೆ ಕಾರ್ಯದರ್ಶಿಯಾದ ಮಿಲಾರ್ಡ್ ಅವರ ಕುರ್ಚಿಯ ಹಿಂದೆಯೇ ಅದು ಬಾಳಿತು. ಜನ ಅದನ್ನು ತಮಾಷೆಗೆ 'ಆಫೀಸ್ ಕ್ಯಾನರಿ' ಎನ್ನುತ್ತಿದ್ದರು.

ಮೂರನೇ ವರ್ಷ ಮುಗಿಯುವಾಗ ಅದರ ಉದ್ದ ನಾಲ್ಕೂಕಾಲು ಅಡಿ. ಊಟಕ್ಕೆ ಬಾಳೆಹಣ್ಣು, ಕಾಡು ಅತ್ತಿ, ಇಲಿ, ಚೇಳು, ಹಸಿ ಮಾಂಸ. ನೀರು ಮಾತ್ರ ಕುಡಿಯುತ್ತಿರಲಿಲ್ಲ. ಸುಮಾರು 30 ಅಡಿ ದೂರದಿಂದ ಎಸೆದ ಟೆನಿಸ್ ಚೆಂಡನ್ನು ಕೊಕ್ಕಿನಲ್ಲೇ ಹಿಡಿಯುತ್ತಿತ್ತು. ಒಮ್ಮೆ ಉರಿಯುವ ಚುಟ್ಟಾವನ್ನೇ ನುಂಗಿ ಅರಗಿಸಿಕೊಂಡಿತ್ತು. 1920ರಲ್ಲಿ ಸತ್ತಾಗ, ತಂತಿಯ ತುಂಡು ನುಂಗಿದ್ದೇ ಕಾರಣ ಎಂದರು. ಪಕ್ಷಿತಜ್ಞ ಕಿನ್ನಿಯರ್ ಒಪ್ಪಲಿಲ್ಲ. ಹಳೆಯ ಗೆಳೆಯ ಮಿಲಾರ್ಡ್ ದೂರವಾದ ಕೊರಗೇ ಮುಖ್ಯ ಕಾರಣ ಎಂದು ಬರೆದರು.

ದಿನವಿಡೀ ಡೇಟಾ ನೋಡುವ ನನಗೆ, ಒಂದೇ ಹಕ್ಕಿಯನ್ನು 26 ವರ್ಷ ನೋಡಿದ ಈ ವಿವರ ದೊಡ್ಡ ಆಸ್ತಿಯಂತೆ ಕಾಣುತ್ತದೆ. ಆದರೆ ಇದರಲ್ಲಿ ಆಫೀಸೇ ಹೆಚ್ಚು, ಹಕ್ಕಿ ಕಡಿಮೆ. ಕಾಡಿನಲ್ಲಿ ಹೆಣ್ಣು ಹೆಮ್ಮರದ ಪೊಟರೆಯೊಳಗೆ ಕೂತು ಬಾಗಿಲನ್ನು ಮುಚ್ಚಿಕೊಳ್ಳುತ್ತದೆ. ಉಳಿದ ಸಣ್ಣ ಸೀಳಿನಿಂದ ಗಂಡು ವಾರಗಟ್ಟಲೆ ಹಣ್ಣು ಉಣಿಸುತ್ತದೆ. ನುಂಗಿದ ಹಣ್ಣಿನ ಬೀಜ ದೂರದಲ್ಲಿ ಬಿದ್ದು ಮರವಾಗುತ್ತದೆ. ಪಂಜರದ ವಿಲಿಯಂ ಗೂಡನ್ನೂ ಕಾಯಲಿಲ್ಲ, ಒಂದು ಮರವನ್ನೂ ನೆಡಲಿಲ್ಲ.

ಅದನ್ನೆಲ್ಲ ನೋಡಬೇಕಾದರೆ ಕಾಳಿ ನದಿಯ ಗುಂಟ ದಾಂಡೇಲಿಯ ಕಡೆಗೆ ಹೋಗಬೇಕು. ಅಲ್ಲಿ ಕಪ್ಪು-ಬಿಳುಪಿನ ಮಂಗಟ್ಟೆ ಎರಡು ಬಗೆ. ಕುತ್ತಿಗೆ ಹಳದಿ ಮಿಶ್ರಿತ ಬಿಳುಪಾಗಿದ್ದು, ಬಿಳಿ ಬಾಲಕ್ಕೆ ಕಪ್ಪು ಪಟ್ಟಿ ಇದ್ದರೆ ಅದು ವಿಲಿಯಂನ ಕುಲ. ಕುತ್ತಿಗೆ ಪೂರ್ತಿ ಕಪ್ಪಾಗಿದ್ದರೆ ಅದು ಮಲಬಾರ್ ಪೈಡ್. ದೊಡ್ಡ ಮಂಗಟ್ಟೆಯ ಗಂಡಿನ ಕಣ್ಣು ಕೆಂಪು, ಹೆಣ್ಣಿನದು ಬಿಳಿ. ಕಾಣುವ ಮೊದಲೇ ರೆಕ್ಕೆಯ ಸದ್ದು ಕೇಳಿಸುತ್ತದೆ, ಉಗಿಬಂಡಿ ಬಂದಂತೆ.

1933ರಲ್ಲಿ, ತನ್ನ ಸುವರ್ಣ ವರ್ಷದಲ್ಲಿ, ಸೊಸೈಟಿ ವಿಲಿಯಂನನ್ನು ಲಾಂಛನವಾಗಿಸಿತು. ಇಂದು ಅದರ ಕಚೇರಿಯ ಹೆಸರೇ ಹಾರ್ನ್‌ಬಿಲ್ ಹೌಸ್. 2011ರಲ್ಲಿ ದಾಂಡೇಲಿಯ ಕಾಡಿನ ಒಂದು ಭಾಗ ಹಾರ್ನ್‌ಬಿಲ್ ಸಂರಕ್ಷಣಾ ಮೀಸಲಾಯಿತು. ಮುಂಬೈ ಆ ಹಕ್ಕಿಗೆ ಹೆಸರು ಕೊಟ್ಟಿತು. ಅದಕ್ಕೆ ಬೇಕಾದ ಪೊಟರೆಯ ಮರ ಇರುವುದು ನಮ್ಮೂರಲ್ಲೇ.