ಎರವಿನ ಕಣ್ಣು

ನಮ್ಮ ಪೂರ್ವಿಕರು ಅರಸನನ್ನು ‘ಚಾರಚಕ್ಷು’ ಎಂದು ಕರೆದರು. ಚಾರರನ್ನೇ ಕಣ್ಣಾಗಿ ಉಳ್ಳವನು ಎಂದು ಅದರ ಅರ್ಥ. ಅರಮನೆಯಲ್ಲಿ ಕುಳಿತವನು ಗಡಿಯಾಚೆಯ ಆಗುಹೋಗುಗಳನ್ನು ತಾನೇ ಹೋಗಿ ನೋಡಲಾರ. ಚಾರನು ಕಂಡದ್ದೇ ಅವನಿಗೆ ಕಾಣುವುದು. ಆದರೆ ಆ ಚಾರನೇ ಎರಡು ಕಡೆಯ ಸಂಬಳ ಪಡೆಯುವವನಾದರೆ? ಅಂಥವನಿಗೆ ಕೌಟಿಲ್ಯನ ಅರ್ಥಶಾಸ್ತ್ರವು ‘ಉಭಯವೇತನ’ ಎಂಬ ಹೆಸರನ್ನೇ ಕೊಟ್ಟಿದೆ. ಪ್ರಜಾಪ್ರಭುತ್ವದಲ್ಲಿ ಪ್ರಜೆಯೇ ಅರಸ. ವೃತ್ತಪತ್ರಿಕೆಯ ಬಾತ್ಮೀದಾರನೇ ಅವನ ಕಣ್ಣು. ಹಾಗಾದರೆ ಬಡರಾಷ್ಟ್ರಗಳ ಪ್ರಜೆಗಳಿಗೆ ಹೊರಜಗತ್ತನ್ನು ಇದುವರೆಗೆ ತೋರಿಸುತ್ತ ಬಂದ ಕಣ್ಣು ಯಾರದು?

ಅದು ಎರವಿನ ಕಣ್ಣು. ಹತ್ತೊಂಬತ್ತನೆಯ ಶತಮಾನದಲ್ಲಿ ತಂತಿಗಳು ದೇಶದೇಶಗಳನ್ನು ಬೆಸೆದಾಗ ಸುದ್ದಿಯೂ ಒಂದು ವಾಣಿಜ್ಯವಸ್ತುವಾಯಿತು. ಪ್ಯಾರಿಸಿನ ಹವಾಸ್, ಬರ್ಲಿನ್ನಿನ ವೋಲ್ಫ್, ಲಂಡನ್ನಿನ ರಾಯಿಟರ್ ಎಂಬ ಮೂರು ಸಂಸ್ಥೆಗಳು 1870ರಲ್ಲಿ ಒಪ್ಪಂದ ಮಾಡಿಕೊಂಡು ಜಗತ್ತನ್ನು ಹಂಚಿಕೊಂಡವು. ಬ್ರಿಟಿಷ್ ಸಾಮ್ರಾಜ್ಯ ರಾಯಿಟರಿನ ಪಾಲಿಗೆ ಬಂತು. ಅದರೊಳಗೆ ನಾವೂ ಇದ್ದೆವು. ಸ್ವಾತಂತ್ರ್ಯಾನಂತರ, 1949ರಲ್ಲಿ ಪ್ರೆಸ್ ಟ್ರಸ್ಟ್ ಆಫ್ ಇಂಡಿಯಾ ಒಳನಾಡಿನ ಸುದ್ದಿಯ ವ್ಯವಸ್ಥೆಯನ್ನು ರಾಯಿಟರಿನ ಅಧೀನಸಂಸ್ಥೆಯಿಂದ ತನ್ನ ಕೈಗೆ ತೆಗೆದುಕೊಂಡಿತು. ಹೊರನಾಡಿನ ಸುದ್ದಿ ಮಾತ್ರ ಮೊದಲಿನಂತೆ ಬಹುಮಟ್ಟಿಗೆ ಅವರಿವರ ತಂತಿಯಲ್ಲೇ ಹರಿದುಬರುತ್ತಿತ್ತು. ಕಾರಣವಿಷ್ಟೇ: ಹೊರದೇಶದಲ್ಲಿ ಒಬ್ಬ ಬಾತ್ಮೀದಾರನನ್ನು ಇರಿಸಿ ಸಾಕುವ ಶಕ್ತಿ ನಮ್ಮ ಹೆಚ್ಚಿನ ಪತ್ರಿಕೆಗಳಿಗೆ ಇರಲಿಲ್ಲ. ಏಷ್ಯ, ಆಫ್ರಿಕಗಳ ಇತರ ಪತ್ರಿಕೆಗಳ ಸ್ಥಿತಿಯೂ ಇದಕ್ಕಿಂತ ಮೇಲಾಗಿರಲಿಲ್ಲ.

ಈ ಕೊರತೆ ಎದ್ದುಕಂಡದ್ದು 1960ರಲ್ಲಿ. ಆ ಒಂದೇ ವರ್ಷ 17 ಹೊಸ ರಾಷ್ಟ್ರಗಳು ವಿಶ್ವಸಂಸ್ಥೆಯನ್ನು ಸೇರಿದವು. ಅವುಗಳಲ್ಲಿ 16 ಆಫ್ರಿಕದವು. ನ್ಯೂಯಾರ್ಕಿನ ಮಹಾಸಭೆಯಲ್ಲಿ ಅವುಗಳ ಪ್ರತಿನಿಧಿಗಳಿಗೆ ಪೀಠಗಳು ದೊರೆತವು. ಆದರೆ ಆ ಪ್ರತಿನಿಧಿಗಳು ಆಡಿದ ಮಾತನ್ನು ಅವರವರ ನಾಡಿಗೆ ಬರೆದು ಕಳಿಸುವವರು ಯಾರು? ಪತ್ರಕರ್ತರ ಸಾಲಿನಲ್ಲಿ ಶ್ರೀಮಂತ ದೇಶಗಳ ಜನರೇ ಹೆಚ್ಚು. ಸ್ವತಂತ್ರ ರಾಷ್ಟ್ರದ ರಾಯಭಾರಿಯ ಭಾಷಣವು ಅವನ ಊರಿನ ಓದುಗನನ್ನು ಲಂಡನ್ ಅಥವಾ ಪ್ಯಾರಿಸಿನ ದಾರಿಯಾಗಿ ಮುಟ್ಟಬೇಕಿತ್ತು. ದೂರದ ಕಚೇರಿಯ ಸಂಪಾದಕನಿಗೆ ಅದು ಮುಖ್ಯವೆಂದು ತೋರದಿದ್ದರೆ, ಆ ಭಾಷಣ ಊರನ್ನು ಮುಟ್ಟದೆಯೂ ಹೋಗಬಹುದಿತ್ತು.

ಆಗ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಯಾಗಿದ್ದವರು ಸ್ವೀಡನ್ನಿನ ಡಾಗ್ ಹ್ಯಾಮರ್‌ಷೋಲ್ಡ್. ಕಾಂಗೋದ ಕಲಹವನ್ನು ನಿಲ್ಲಿಸುವ ಮಾತುಕತೆಗೆಂದು ಹೊರಟಿದ್ದ ಅವರು 1961ರ ಸೆಪ್ಟೆಂಬರ್ 18ರಂದು, ಇಂದಿನ ಜಾಂಬಿಯದ ಎಂಡೋಲಾ ಪಟ್ಟಣದ ಬಳಿ ವಿಮಾನ ಬಿದ್ದು ಮಡಿದರು. ವಿಶ್ವಸಂಸ್ಥೆಯಲ್ಲಿದ್ದ ವರದಿಗಾರರು ಅವರ ಹೆಸರಿನಲ್ಲಿ ಒಂದು ನಿಧಿಯನ್ನು ಸ್ಥಾಪಿಸಿದರು. ಅಭಿವೃದ್ಧಿಶೀಲ ರಾಷ್ಟ್ರಗಳ ತರುಣ ಪತ್ರಕರ್ತರನ್ನು ಮಹಾಸಭೆಯ ಅಧಿವೇಶನಕಾಲಕ್ಕೆ ನ್ಯೂಯಾರ್ಕಿಗೆ ಕರೆಸಿ, ಪ್ರಯಾಣ, ವಸತಿ, ದಿನದ ಖರ್ಚುಗಳನ್ನು ಕೊಟ್ಟು, ಅಲ್ಲಿಂದ ತಮ್ಮ ತಮ್ಮ ಪತ್ರಿಕೆಗಳಿಗೆ ವರದಿ ಬರೆಯುವಂತೆ ಅನುವು ಮಾಡಿಕೊಡುವುದೇ ಅದರ ಉದ್ದೇಶ. ಅಗಲಿದ ಹಿರಿಯನಿಗೆ ಇದಕ್ಕಿಂತ ಯೋಗ್ಯವಾದ ಸ್ಮಾರಕ ಬೇರೆ ಇರಲಾರದು.

ಈ ನಿಧಿಯ ನಿಯಮಗಳು ಗಮನಿಸತಕ್ಕವು. ಅಭ್ಯರ್ಥಿಯ ವಯಸ್ಸು 25ರಿಂದ 35ರ ಒಳಗಿರಬೇಕು. ಅವನು ತನ್ನ ದೇಶದಲ್ಲೇ ವಾಸಿಸುತ್ತ ಅಲ್ಲಿನ ಪತ್ರಿಕೆಗೋ ಬಾನುಲಿಗೋ ದುಡಿಯುತ್ತಿರಬೇಕು; ಅವಧಿ ಮುಗಿದೊಡನೆ ಸ್ವದೇಶಕ್ಕೆ ಮರಳಬೇಕು. ಒಂದು ವರ್ಷ ಆಯ್ಕೆಯಾದ ದೇಶಕ್ಕೆ ಮರುವರ್ಷ ಅವಕಾಶವಿಲ್ಲ. ಸರದಿ ಇತರರಿಗೂ ಬರಬೇಕೆಂಬುದು ಅದರ ಆಶಯ. ಇವೆಲ್ಲ ಯಾರೂ ಮೆಚ್ಚತಕ್ಕ ಮಾತುಗಳು. ಆದರೆ ಇನ್ನೊಂದು ನಿಯಮವುಂಟು: ಅಭ್ಯರ್ಥಿಗೆ ಇಂಗ್ಲಿಷ್ ಚೆನ್ನಾಗಿ ಬರಬೇಕು. ಮಹಾಸಭೆಯಲ್ಲಿ ಆರು ಅಧಿಕೃತ ಭಾಷೆಗಳಿಗೆ ಅನುವಾದದ ಏರ್ಪಾಡಿದೆ. ಆರನೆಯದಾದ ಅರಬ್ಬಿ 1973ರಲ್ಲಿ ಸೇರಿತು. ಆದರೆ ಪತ್ರಿಕಾಗೋಷ್ಠಿಗಳೂ ಕಡತಗಳೂ ಬಹುಪಾಲು ಇಂಗ್ಲಿಷಿನಲ್ಲಿ. ಆದ್ದರಿಂದ ಈ ನಿಯಮ ಅನಿವಾರ್ಯವೆನ್ನೋಣ. ಅನಿವಾರ್ಯವಾದರೂ ಅದರ ಫಲವನ್ನು ಮರೆಯಲಾಗದು. ತನ್ನ ನುಡಿಯಲ್ಲಷ್ಟೇ ಬಲ್ಲಿದನಾದ ಜಿಲ್ಲಾ ವರದಿಗಾರನಿಗೆ ಆ ಬಾಗಿಲು ತೆರೆಯುವುದಿಲ್ಲ. ರಾಷ್ಟ್ರಗಳ ನಡುವಣ ಅಂತರವನ್ನು ಕಡಿಮೆ ಮಾಡಹೊರಟ ಯೋಜನೆ, ರಾಷ್ಟ್ರದೊಳಗಿನ ಅಂತರವನ್ನು ಇದ್ದಲ್ಲಿಯೇ ಬಿಟ್ಟಿತು.

ಅದೇ ದಶಕದಲ್ಲಿ ಇಂಥ ಆಹ್ವಾನಗಳು ಹಲವು ದಿಕ್ಕುಗಳಿಂದ ಬರತೊಡಗಿದವು. ಪತ್ರಿಕೋದ್ಯಮಿ ರಾಯ್ ಥಾಮ್ಸನ್ 1962ರಲ್ಲಿ ಬ್ರಿಟನ್ನಿನಲ್ಲಿ ಒಂದು ಪ್ರತಿಷ್ಠಾನವನ್ನು ಕಟ್ಟಿದರು. ಏಷ್ಯ, ಆಫ್ರಿಕಗಳ ಪತ್ರಕರ್ತರು ಅದರ ತರಬೇತಿಗಾಗಿ ಕಾರ್ಡಿಫ್ ನಗರಕ್ಕೆ ಹೋಗಿಬಂದರು. ಗೋಡೆ ಎದ್ದು ಇಬ್ಭಾಗವಾಗಿದ್ದ ಬರ್ಲಿನ್ನಿನಲ್ಲಂತೂ ಗೋಡೆಯ ಎರಡೂ ಬದಿಗಳಲ್ಲಿ ನಮ್ಮಂಥ ದೇಶದವರಿಗೆ ಪತ್ರಿಕಾವಿದ್ಯೆ ಕಲಿಸುವ ಸಂಸ್ಥೆಗಳು ಹುಟ್ಟಿದವು. ಮುಂದೆ 1980ರ ದಶಕದಲ್ಲಿ ವಾಷಿಂಗ್ಟನ್ ಪೋಸ್ಟಿನ ಸಂಪಾದಕವರ್ಗದ ಆಲ್ಫ್ರೆಡ್ ಫ್ರೆಂಡ್ಲಿ ಅವರ ಹೆಸರಿನ ಫೆಲೋಷಿಪ್ಪು ಬಂದು, ಹೊರನಾಡಿನ ಪತ್ರಕರ್ತರು ಅಮೆರಿಕದ ಪತ್ರಿಕಾಲಯಗಳಲ್ಲೇ ಕುಳಿತು ಕೆಲಸಮಾಡುವಂತಾಯಿತು. ಒಬ್ಬ ಪತ್ರಕರ್ತನ ಊಟ, ವಸತಿಗಳಿಗೆ ಇಷ್ಟು ಮಂದಿ ಮುಂದಾದುದು ಕೇವಲ ಔದಾರ್ಯದಿಂದಲೇ? ಔದಾರ್ಯ ಇತ್ತು, ಹೊಸ ರಾಷ್ಟ್ರಗಳ ಅಭಿಪ್ರಾಯವನ್ನು ತಮ್ಮತ್ತ ಒಲಿಸಿಕೊಳ್ಳುವ ಬಯಕೆಯೂ ಇತ್ತು. ಕೌಟಿಲ್ಯನ ‘ಉಭಯವೇತನ’ ನೆನಪಾಗುವುದು ಇಲ್ಲಿಯೇ. ಹೋದವರೆಲ್ಲ ಮಾರಿಹೋದರೆಂದು ಹೇಳುವುದು ಅನ್ಯಾಯವಾದೀತು. ಅತಿಥಿಯಾದವನು ಮನೆಯ ಪಡಸಾಲೆಯನ್ನು ನೋಡುವಷ್ಟು ಸಲೀಸಾಗಿ ಹಿತ್ತಿಲನ್ನು ನೋಡಲಾರನೆಂಬುದಷ್ಟೇ ನನ್ನ ಮಾತು.

ಈ ಅಸಮಾಧಾನವೇ 1970ರ ದಶಕದಲ್ಲಿ ರಾಜಕೀಯ ಬೇಡಿಕೆಯಾಯಿತು. ಅಲಿಪ್ತ ರಾಷ್ಟ್ರಗಳು ತಮ್ಮ ಸುದ್ದಿಯನ್ನು ತಾವೇ ವಿನಿಮಯ ಮಾಡಿಕೊಳ್ಳುವ ಒಕ್ಕೂಟವನ್ನು ರಚಿಸಿದವು. 1976ರಲ್ಲಿ ಅದಕ್ಕಾಗಿ ದೆಹಲಿಯಲ್ಲಿ ಸಮ್ಮೇಳನ ನಡೆಯಿತು. ಐರ್ಲೆಂಡಿನ ಷಾನ್ ಮ್ಯಾಕ್‌ಬ್ರೈಡ್ ಅವರ ಅಧ್ಯಕ್ಷತೆಯ ಯುನೆಸ್ಕೊ ಆಯೋಗವು 1980ರಲ್ಲಿ ತನ್ನ ವರದಿಯನ್ನು ಒಪ್ಪಿಸಿತು, ನಮ್ಮವರಾದ ಬಿ.ಜಿ. ವರ್ಗೀಸ್ ಅದರ ಸದಸ್ಯರಲ್ಲೊಬ್ಬರು. ವಿವಾದ ಬೆಳೆದು, ಇತರ ಕಾರಣಗಳೂ ಕೂಡಿ, 1984ರ ಕೊನೆಗೆ ಅಮೆರಿಕವೂ ಮರುವರ್ಷ ಬ್ರಿಟನ್ನೂ ಯುನೆಸ್ಕೊದಿಂದ ಹೊರನಡೆದವು. ಇತ್ತ ಅಲಿಪ್ತ ಒಕ್ಕೂಟದಲ್ಲಿ ಹರಿದದ್ದು ಬಹುಪಾಲು ಸರ್ಕಾರಗಳ ಪ್ರಕಟನೆ. ಮಂತ್ರಿಗಳ ಭಾಷಣಗಳನ್ನು ಓದಲು ಯಾವ ನಾಡಿನ ಓದುಗನೂ ಹಾತೊರೆಯುವುದಿಲ್ಲ. ಹೊರಗಿನವನ ಕಣ್ಣು ಬೇಡವೆಂದವರು ಪ್ರಜೆಗೆ ಕೊಟ್ಟದ್ದು ಸರ್ಕಾರದ ಕಣ್ಣನ್ನು. ಅದೂ ಪ್ರಜೆಯ ಪಾಲಿಗೆ ಎರವಿನದೇ.

ಹಾಗೆಂದು ಫೆಲೋಷಿಪ್ಪುಗಳಿಂದ ಫಲವೇ ಇಲ್ಲವೆನ್ನಲಾಗದು. ಕನ್ನಡಿಗರೇ ಒಬ್ಬರ ನಿದರ್ಶನವಿದೆ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ 1938ರಿಂದ ನಡೆದುಬಂದ ನೀಮನ್ ಫೆಲೋಷಿಪ್ ಪತ್ರಕರ್ತರಿಗೆ ಒಂದು ವರ್ಷದ ಬಿಡುವು ಕೊಟ್ಟು ಬೇಕಾದುದನ್ನು ಓದಲು ಬಿಡುತ್ತದೆ. ಎಚ್.ವೈ. ಶಾರದಾಪ್ರಸಾದರು 1955-56ರಲ್ಲಿ ಅಲ್ಲಿದ್ದರು. ಮರಳಿ ಬಂದು ‘ಯೋಜನಾ’ ಪತ್ರಿಕೆಯನ್ನು ಸಂಪಾದಿಸಿದರು, ಪ್ರಧಾನಿಯ ವಾರ್ತಾ ಸಲಹೆಗಾರರಾದರು. ಶಿವರಾಮ ಕಾರಂತರ ಆತ್ಮಕಥೆಯನ್ನು ಇಂಗ್ಲಿಷಿಗೆ ತಂದರು. ಹೊರಜಗತ್ತನ್ನು ನೋಡಿಬಂದವರು ಕನ್ನಡವನ್ನು ಹೊರಜಗತ್ತಿಗೆ ತೋರಿಸಿದರು. ಆತಿಥ್ಯ ಪರರದಾದರೂ ದೃಷ್ಟಿ ತನ್ನದಾಗಿ ಉಳಿಯಬಲ್ಲದೆಂಬುದಕ್ಕೆ ಇದು ಸಾಕ್ಷಿ.

ಆದರೆ ಅಂಥವರು ಎಷ್ಟು ಮಂದಿ? ಹ್ಯಾಮರ್‌ಷೋಲ್ಡ್ ನಿಧಿ ಸಾಮಾನ್ಯವಾಗಿ ವರ್ಷಕ್ಕೆ ಆರಿಸುವುದು ನಾಲ್ವರನ್ನು. ಅವರು ಮೂರು ತಿಂಗಳೊಳಗೆ ಮರಳುತ್ತಾರೆ. ಬಳಿಕ ಪತ್ರಿಕೆ ಹಳೆಯ ತಂತಿಗೇ ಮರಳುತ್ತದೆ. ಕನ್ನಡ ದೈನಿಕಗಳ ಹೊರದೇಶದ ಸುದ್ದಿ ಇಂದಿಗೂ ಬಹುಮಟ್ಟಿಗೆ ಸುದ್ದಿಸಂಸ್ಥೆಗಳ ಇಂಗ್ಲಿಷ್ ವರದಿಯ ಅನುವಾದವೇ. ನೆರೆಯ ಶ್ರೀಲಂಕಾದಲ್ಲಾಗಲಿ ನೇಪಾಳದಲ್ಲಾಗಲಿ ಏನು ನಡೆಯಿತೆಂಬುದನ್ನು ಕನ್ನಡಿಗನೊಬ್ಬನು ಅಲ್ಲಿಯೇ ನೆಲಸಿ, ಕಂಡು, ಕನ್ನಡದಲ್ಲೇ ಯೋಚಿಸಿ ಬರೆದ ವರದಿ ನಮಗೆ ದೊರೆಯುವುದು ಅಪರೂಪ. ಪರರ ನಿಧಿ ಒಬ್ಬ ಬಾತ್ಮೀದಾರನಿಗೆ ಒಂದು ಋತುವಿನ ಅನ್ನ ಕೊಡಬಹುದು. ವರ್ಷವಿಡೀ ಅವನನ್ನು ಸಾಕಬೇಕಾದವರು ಅವನ ಓದುಗರು. ಪತ್ರಿಕೆಗೆ ನಾವು ತೆರುವ ಬೆಲೆ ಕಾಗದದ ಬೆಲೆಗೂ ಸಾಲದೆಂಬುದು ಎಲ್ಲರಿಗೂ ತಿಳಿದ ಸಂಗತಿ. ಉಳಿದುದನ್ನು ತೆರುವವರು ಜಾಹೀರಾತುದಾರರು. ಕಣ್ಣಿಗೆ ವೇತನ ಕೊಡಲೊಪ್ಪದ ಅರಸನು ಅದು ತನಗೇಕೆ ದುಡಿಯುತ್ತಿಲ್ಲವೆಂದು ಕೇಳುವಂತಿಲ್ಲ.