ಪರಸ್ಪರೋಪಕಾರದ ಗಣಿತ ಮಾದರಿಗಳು

ಒಂದಕ್ಕೊಂದು ನೆರವಾಗಿ ಬಾಳುವ ಪ್ರಭೇದಗಳ ಸಂಖ್ಯೆ ಕಾಲಾನುಕ್ರಮದಲ್ಲಿ ಹೇಗೆ ಏರಿಳಿಯುತ್ತದೆ ಎಂಬುದನ್ನು ವಿವರಿಸುವ ಸಮೀಕರಣಗಳು. ಹೂವು ಮತ್ತು ಜೇನುನೊಣ, ಅತ್ತಿ ಮತ್ತು ಅದರ ಕಣಜ, ದ್ವಿದಳ ಸಸ್ಯದ ಬೇರು ಮತ್ತು ರೈಜೋಬಿಯಂ ಬ್ಯಾಕ್ಟೀರಿಯಾ ಇಂಥ ಜೋಡಿಗಳು. ಈ ಸಂಬಂಧಕ್ಕೆ ‘ಮ್ಯೂಚುವಲಿಸಂ’ ಎಂಬ ಹೆಸರನ್ನು 1870ರ ದಶಕದಲ್ಲಿ ಬಳಕೆಗೆ ತಂದವರು ಬೆಲ್ಜಿಯಂನ ಪ್ರಾಣಿವಿಜ್ಞಾನಿ ವಾನ್ ಬೆನೆಡೆನ್. ಗಣಿತ ಇದರತ್ತ ತಿರುಗಿದ್ದು ಬಹಳ ತಡವಾಗಿ.

ಲೋಟ್ಕಾ (1925) ಮತ್ತು ವೋಲ್ಟೆರಾ (1926) ಅವರ ಸಮೀಕರಣಗಳು ಹೆಸರಾದದ್ದು ಬೇಟೆ ಮತ್ತು ಸ್ಪರ್ಧೆಯ ವಿವರಣೆಗೆ. 1935ರಲ್ಲಿ ಗಾಸ್ ಮತ್ತು ವಿಟ್ ಸ್ಪರ್ಧೆಯ ಸಮೀಕರಣದ ಋಣ ಚಿಹ್ನೆಯನ್ನು ಧನವಾಗಿಸಿ ಪರಸ್ಪರೋಪಕಾರವನ್ನೂ ಪರಿಶೀಲಿಸಿದರು. ತೊಡಕು ಹುಟ್ಟಿದ್ದು ಅಲ್ಲೇ. ಒಂಟಿಯಾಗಿದ್ದರೆ 100ರವರೆಗೆ ಬೆಳೆಯಬಲ್ಲ ಎರಡು ಪ್ರಭೇದಗಳಿವೆ ಎನ್ನಿ. ಒಂದರ ಪ್ರತಿ ಜೀವಿಯೂ ಇನ್ನೊಂದರ ಮಿತಿಯನ್ನು 0.5ರಷ್ಟು ಹೆಚ್ಚಿಸಿದರೆ ಎರಡೂ 200ಕ್ಕೆ ಬಂದು ನಿಲ್ಲುತ್ತವೆ. ಅದೇ ನೆರವು 0.9 ಆದರೆ 1,000. ನೆರವು 1ನ್ನು ಮುಟ್ಟಿತೋ, ಬೆಳವಣಿಗೆಗೆ ಕೊನೆಯೇ ಇಲ್ಲ. 1970ರ ದಶಕದಲ್ಲಿ ರಾಬರ್ಟ್ ಮೇ ಈ ಅಸಂಬದ್ಧತೆಯತ್ತ ಬೆರಳು ಮಾಡಿದರು. ಬೇಟೆ ಮತ್ತು ಸ್ಪರ್ಧೆಗೆ ಅಧ್ಯಾಯಗಳನ್ನೇ ಮೀಸಲಿಟ್ಟ ಪಠ್ಯಪುಸ್ತಕಗಳು ಪರಸ್ಪರೋಪಕಾರವನ್ನು ಕೆಲವೇ ಪುಟಗಳಲ್ಲಿ ಮುಗಿಸಿದವು. ಇದು ನ್ಯಾಯವಲ್ಲ; ದೋಷವಿದ್ದದ್ದು ಸಮೀಕರಣದಲ್ಲಿ.

ಪರಿಹಾರ ಸಿಕ್ಕಿದ್ದು ಜೀವಿಗಳ ದಿನಚರಿಯಲ್ಲಿ. ಜೇನುನೊಣ ಒಂದು ಹೂವಿನಲ್ಲಿ ಮಕರಂದ ಹೀರುತ್ತಿರುವಷ್ಟು ಹೊತ್ತು ಇನ್ನೊಂದಕ್ಕೆ ಹೋಗಲಾರದು. ಹೂಗಳು ಎಷ್ಟೇ ಹೆಚ್ಚಲಿ, ಅದು ಪಡೆಯುವ ಲಾಭಕ್ಕೆ ಒಂದು ಮೇಲ್ಮಿತಿ ಇದ್ದೇ ಇರುತ್ತದೆ. ಈ ಸಮಯವನ್ನು ಲೆಕ್ಕಕ್ಕೆ ಸೇರಿಸಿ ರೈಟ್ 1989ರಲ್ಲಿ ಸ್ಥಿರವಾದ ಸರಳ ಮಾದರಿಯೊಂದನ್ನು ಕೊಟ್ಟರು. 2002ರಲ್ಲಿ ಹಾಲೆಂಡ್, ಡಿಏಂಜೆಲಿಸ್ ಮತ್ತು ಬ್ರಾನ್‌ಸ್ಟೈನ್ ಲಾಭದ ಜೊತೆಗೆ ನಷ್ಟವನ್ನೂ ಬರೆದರು. ಸೊನೊರಾ ಮರುಭೂಮಿಯ ಸೆನಿಟಾ ಕಳ್ಳಿಯನ್ನೇ ನೋಡಿ: ಅದರ ಪರಾಗಸ್ಪರ್ಶ ಮಾಡುವ ಪತಂಗ ಅದೇ ಹೂವಿನಲ್ಲಿ ಮೊಟ್ಟೆಯಿಡುತ್ತದೆ, ಮರಿಹುಳು ಕಾಯನ್ನು ತಿಂದು ಬೆಳೆಯುತ್ತದೆ. ಪತಂಗಗಳು ಅತಿಯಾದರೆ ಕಳ್ಳಿಗೆ ಉಪಕಾರಕ್ಕಿಂತ ಹಾನಿಯೇ ಹೆಚ್ಚು.

ಆಮೇಲೆ ಗಮನ ಜೋಡಿಗಳಿಂದ ಜಾಲಗಳತ್ತ ಹೊರಳಿತು. ಕೆಲವೇ ಸಂಗಾತಿಗಳಿರುವ ಪ್ರಭೇದ ನಂಟು ಬೆಳೆಸುವುದು ಹೆಚ್ಚಾಗಿ ಬಹಳ ಸಂಗಾತಿಗಳಿರುವ ಪ್ರಭೇದಗಳ ಜೊತೆಗೇ ಎಂದು ಬಾಸ್ಕೊಂಪ್ಟೆ ಮತ್ತು ಸಂಗಡಿಗರು 2003ರಲ್ಲಿ ತೋರಿಸಿದರು. ಈ ರಚನೆ ಸ್ಪರ್ಧೆಯನ್ನು ತಗ್ಗಿಸಿ ಹೆಚ್ಚು ಪ್ರಭೇದಗಳಿಗೆ ಜಾಗ ಮಾಡಿಕೊಡುತ್ತದೆ ಎಂಬುದು ಬಾಸ್ಟೊಲ್ಲಾ ಮತ್ತಿತರರ 2009ರ ವಾದ. ಜೇಮ್ಸ್, ಪಿಚ್‌ಫೋರ್ಡ್ ಮತ್ತು ಪ್ಲಾಂಕ್ 2012ರಲ್ಲಿ ಇದನ್ನು ಅಲ್ಲಗಳೆದು, ಒಂದು ಪ್ರಭೇದದ ಉಳಿವಿಗೆ ಜಾಲದ ವಿನ್ಯಾಸಕ್ಕಿಂತ ಅದಕ್ಕಿರುವ ಸಂಗಾತಿಗಳ ಸಂಖ್ಯೆಯೇ ಮುಖ್ಯ ಎಂದರು. 2014ರಲ್ಲಿ ರೋರ್, ಸಾವೇದ್ರಾ ಮತ್ತು ಬಾಸ್ಕೊಂಪ್ಟೆ ಪ್ರಶ್ನೆಯನ್ನೇ ಬದಲಿಸಿದರು: ಎಷ್ಟು ಬಗೆಯ ಪರಿಸ್ಥಿತಿಗಳಲ್ಲಿ ಎಲ್ಲ ಪ್ರಭೇದಗಳೂ ಒಟ್ಟಿಗೆ ಉಳಿಯಬಲ್ಲವು? ಸಹಬಾಳ್ವೆಯನ್ನು ಅಳೆಯಲು ಇದೇ ಹೆಚ್ಚು ಸರಿಯಾದ ದಾರಿ.